ನಾಲ್ಕು ಗಂಟೆಗೇ ಕತ್ತಲಾಗುವ ಊರು

ಮಲ್ಲೇಶ್ವರದ ಒಂದು ಮನೆ. ಡಿಸೆಂಬರ್ ತಿಂಗಳ ರಾತ್ರಿ, ಒಂಬತ್ತೂವರೆಯ ಸಮಯ. ಎಲ್ಲರ ಊಟವೂ ಮುಗಿದು, ಹಾಲಿಗೆ ಹೆಪ್ಪು ಹಾಕಿ, ಅಡಿಗೆಮನೆಯ ದೀಪ ಆರಿಸಿ ಬಂದ ತಾಯಿ ಎಡಿನ್‌ಬರೋ ನಗರದಲ್ಲಿರುವ ಮಗಳೊಡನೆ ಫೋನಿನಲ್ಲಿ ಮಾತಿಗೆ ಕುಳಿತಿದ್ದಾಳೆ. ಮದುವೆಯಾಗಿ ಜೂನ್ ತಿಂಗಳಲ್ಲಿ ಗಂಡನೊಡನೆ ಸ್ಕಾಟ್ಲೆಂಡಿಗೆ ಹೋದ ಹುಡುಗಿ. ಮೊದಲ ಎರಡು ಮೂರು ತಿಂಗಳು ದಿನಕ್ಕೊಂದು ಚಿತ್ರ, ಚಿತ್ರಕ್ಕೊಂದು ಕಥೆ ಕಳುಹಿಸುತ್ತಿದ್ದವಳು. ಈಗ ಕೇಳಿದ ಪ್ರಶ್ನೆಗಷ್ಟೇ ಉತ್ತರ.

“ಯಾಕೆ ಪುಟ್ಟೀ, ಧ್ವನಿ ಒಂಥರಾ ಇದೆಯಲ್ಲ?”

“ಏನಿಲ್ಲಮ್ಮ, ನಿದ್ದೆ ಬರ್ತಾ ಇದೆ.”

“ಈಗಲೇ ನಿದ್ದೆಯೇನೇ? ನಿಮಗಿನ್ನೂ ಸಂಜೆ ನಾಲ್ಕು ಗಂಟೆ ಅಲ್ವಾ?”

“ಹೌದು. ಆದ್ರೆ ಕತ್ತಲಾಗಿಹೋಗಿದೆ.”

ಮಾತು ಮುಗಿದ ಮೇಲೆ ಮನೆಯಲ್ಲಿ ವಿಮರ್ಶೆ ಆರಂಭವಾಗುತ್ತದೆ. ಹುಡುಗಿಗೆ ದೃಷ್ಟಿಯಾಗಿದೆ ಎಂದು ಅಜ್ಜಿಯ ನಿಲುವು. ಮನೆಯ ನೆನಪು, ಕ್ರಮೇಣ ಸರಿಹೋಗುತ್ತದೆ ಎಂದು ತಂದೆಯ ಸಮಾಧಾನ. ಇಲ್ಲಿದ್ದ ಉದ್ಯೋಗವನ್ನು ಬಿಟ್ಟುಹೋದಳಲ್ಲ, ಹೊತ್ತು ಹೋಗುವುದಿಲ್ಲ ಎಂದು ಅಣ್ಣನ ತರ್ಕ. ಚಿಕ್ಕಮ್ಮ ಮಾತ್ರ ಧ್ವನಿ ತಗ್ಗಿಸಿ, ಅಳಿಯ ಅವಳನ್ನು ಹೇಗೆ ನೋಡಿಕೊಳ್ಳುತ್ತಾನೋ ಎಂದು ಒಂದು ಮಾತನ್ನು ತೇಲಿಬಿಡುತ್ತಾಳೆ. ಆ ರಾತ್ರಿ ತಾಯಿಗೆ ನಿದ್ರೆಯಿಲ್ಲ. ಆದರೆ ಮಗಳು ಹೇಳಿದ ಕೊನೆಯ ಮಾತನ್ನು, ಕತ್ತಲಾಗಿಹೋಗಿದೆ ಎಂಬ ಆ ಮಾತನ್ನು, ಯಾರೊಬ್ಬರೂ ಹಿಡಿದು ನಿಲ್ಲಿಸಿ ನೋಡಲಿಲ್ಲ.

ಮಕ್ಕಳನ್ನು ಕಡಲಾಚೆಗೆ ಕಳುಹಿಸಿರುವ ಎಷ್ಟೋ ಮನೆಗಳಲ್ಲಿ ಚಳಿಗಾಲದ ರಾತ್ರಿಗಳು ಇದೇ ರೀತಿ ಕಳೆಯುತ್ತವೆ. ಅಜ್ಜಿಯ ಮಾತನ್ನು ಬದಿಗಿಟ್ಟರೂ ಉಳಿದವರ ಊಹೆಗಳಲ್ಲಿ ಒಂದಿಷ್ಟು ಸತ್ಯವಿರಬಹುದು. ತವರಿನ ನೆನಪು ಸುಳ್ಳಲ್ಲ; ಹೊತ್ತು ಹೋಗದ ಬೇಸರ ಸುಳ್ಳಲ್ಲ; ಎಲ್ಲ ಗಂಡಂದಿರೂ ದೇವರಂಥವರೆಂದು ಹೇಳುವ ಧೈರ್ಯವೂ ಯಾರಿಗೂ ಇಲ್ಲ. ಆದರೆ ಜೂನಿನಲ್ಲಿ ನಗುನಗುತ್ತ ಇದ್ದವಳು ಡಿಸೆಂಬರಿನಲ್ಲಿ ಮಂಕಾದಾಗ, ಜೂನಿಗೂ ಡಿಸೆಂಬರಿಗೂ ನಡುವೆ ಆ ಊರಿನಲ್ಲಿ ಏನು ಬದಲಾಯಿತು ಎಂಬುದನ್ನಲ್ಲವೆ ಮೊದಲು ಕೇಳಬೇಕಾದದ್ದು?

ಬದಲಾದದ್ದು ಹಗಲು. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿಯಲ್ಲಿದೆ. ಇಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಸಂಧ್ಯಾವಂದನೆ ಮಾಡುವವರನ್ನೂ ಹಾಲಿನವನನ್ನೂ ಬಿಟ್ಟರೆ ಉಳಿದವರ ಗಮನಕ್ಕೆ ಅದು ಬರುವುದೂ ಇಲ್ಲ. ಎಡಿನ್‌ಬರೋ ಇರುವುದು 56 ಡಿಗ್ರಿಯ ಮೇಲೆ. ಅಲ್ಲಿ ಜೂನ್ ತಿಂಗಳಲ್ಲಿ ಬೆಳಗಿನ ನಾಲ್ಕೂವರೆಗೆ ಹುಟ್ಟಿದ ಸೂರ್ಯ ರಾತ್ರಿ ಹತ್ತಕ್ಕೆ ಮುಳುಗುತ್ತಾನೆ. ಹದಿನೇಳೂವರೆ ಗಂಟೆಯ ಹಗಲು. ಡಿಸೆಂಬರ್ ಮೂರನೆಯ ವಾರದಲ್ಲಿ ಅವನು ಬರುವುದು ಎಂಟು ನಲವತ್ತಕ್ಕೆ, ಹೋಗುವುದು ಮಧ್ಯಾಹ್ನ ಮೂರು ನಲವತ್ತಕ್ಕೆ. ಆ ಏಳು ಗಂಟೆಗಳಲ್ಲಿಯೂ ಅವನು ನೆತ್ತಿಗೆ ಏರುವುದಿಲ್ಲ. ನಡುಹಗಲಿನಲ್ಲಿ ದಿಗಂತದಿಂದ ಹತ್ತು ಹನ್ನೊಂದು ಡಿಗ್ರಿಯಷ್ಟು ಮೇಲೆ ಬಂದು, ಎದುರು ಮನೆಯ ಸೂರಿನ ಹಿಂದೆಯೇ ನುಸುಳಿಕೊಂಡು ಹೋಗಿಬಿಡುತ್ತಾನೆ. ಶರತ್ಕಾಲದಲ್ಲಂತೂ ಹಗಲು ವಾರಕ್ಕೆ ಅರ್ಧ ಗಂಟೆಯಂತೆ ಕುಗ್ಗುತ್ತದೆ. ಸಾಲದೆಂಬಂತೆ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಶನಿವಾರ ಬೆಳಕಿನಲ್ಲಿ ಮನೆಗೆ ಬಂದವನು ಸೋಮವಾರ ದೀಪದ ಬೆಳಕಿನಲ್ಲಿ ಬರುತ್ತಾನೆ.

ಸ್ಟಾಕ್‌ಹೋಮಿನಲ್ಲಿ ಚಳಿಗಾಲದ ಹಗಲು ಆರು ಗಂಟೆ. ಟೊರಾಂಟೊದಲ್ಲಿ ಒಂಬತ್ತಕ್ಕೆ ಸ್ವಲ್ಪ ಕಡಿಮೆಯಾದರೂ ಹಿಮಕ್ಕೆ ಹೆದರಿ ಒಳಗೆ ಕುಳಿತವರಿಗೆ ಅದೂ ದೊರೆಯದು.

ಕತ್ತಲೆ ಕವಿದ ದಿನಗಳು ನಮ್ಮಲ್ಲಿಯೂ ಇಲ್ಲವೆ ಎಂದು ಮಲೆನಾಡಿನವರು ಕೇಳಬಹುದು. ಆಗುಂಬೆ, ತೀರ್ಥಹಳ್ಳಿ, ಮಡಿಕೇರಿಗಳ ಆಷಾಢವನ್ನು ಕಂಡವರಿಗೆ, ವಾರಗಟ್ಟಲೆ ಸೂರ್ಯನ ಮುಖ ಕಾಣದೆ, ಬಟ್ಟೆ ಒಣಗದೆ, ಮನಸ್ಸೂ ಒದ್ದೆಯಾಗಿ ಕುಳಿತಿರುವ ಅನುಭವ ಹೊಸದಲ್ಲ. ಆದರೆ ಮೋಡ ಬೇರೆ, ಇರುಳು ಬೇರೆ. ಮಳೆಗಾಲವೆಂದರೆ ನಮ್ಮಲ್ಲಿ ಹಗಲು ಅತ್ಯಂತ ದೀರ್ಘವಾಗಿರುವ ಕಾಲ. ಮೋಡದ ಹಿಂದೆ ಸೂರ್ಯ ಹದಿಮೂರು ಗಂಟೆಯ ಹತ್ತಿರ ಹತ್ತಿರ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತಾನೆ. ಉತ್ತರದ ದೇಶಗಳ ಚಳಿಗಾಲದಲ್ಲಿ ಅವನು ರಜೆಯ ಮೇಲೆ ಹೋಗಿರುತ್ತಾನೆ.

ಈ ರಜೆ ಮನುಷ್ಯನ ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಸ್ಪಷ್ಟವಾಗಿ ಗುರುತಿಸಿದ್ದು ತೀರ ಈಚೆಗೆ. ಗುರುತಿಸಿದವರಲ್ಲಿ ಮುಖ್ಯನಾದವನೂ ಪರದೇಶದಿಂದ ಬಂದು ನೆಲಸಿದವನೇ ಎಂಬುದು ಗಮನಿಸಬೇಕಾದ ಸಂಗತಿ.

ನಾರ್ಮನ್ ರೋಸೆಂತಾಲ್ ಹುಟ್ಟಿ ಬೆಳೆದು ವೈದ್ಯವಿದ್ಯೆ ಕಲಿತದ್ದು ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನಲ್ಲಿ. ಚಳಿಗಾಲದ ಅತಿ ಚಿಕ್ಕ ದಿನದಲ್ಲಿಯೂ ಹತ್ತೂವರೆ ಗಂಟೆಯ ಹಗಲುಳ್ಳ, ಬಿಸಿಲು ಧಾರಾಳವಾಗಿರುವ ಊರು ಅದು. 1976ರಲ್ಲಿ ಆ ತರುಣ ವೈದ್ಯ ಮನೋರೋಗ ಚಿಕಿತ್ಸೆಯಲ್ಲಿ ಹೆಚ್ಚಿನ ಶಿಕ್ಷಣಕ್ಕಾಗಿ ನ್ಯೂಯಾರ್ಕಿಗೆ ಹೋದ. ಹೋದದ್ದು ಬೇಸಗೆಯಲ್ಲಿ. ಸಂಜೆ ಎಷ್ಟು ಹೊತ್ತಾದರೂ ಆರದ ಬೆಳಕು ಅವನಿಗೆ ಹೊಸದು. ಉತ್ಸಾಹವೂ ಅಷ್ಟೇ ಉಕ್ಕಿಬಂತು. ಹತ್ತು ಕೆಲಸಗಳನ್ನು ಏಕಕಾಲಕ್ಕೆ ಹಚ್ಚಿಕೊಂಡ. ಚಳಿಗಾಲ ಬರುತ್ತಲೂ ಆ ಉತ್ಸಾಹ ಸೋರಿಹೋಯಿತು. ಹಚ್ಚಿಕೊಂಡ ಕೆಲಸಗಳೆಲ್ಲ ಹೊರೆಯಾದವು. ಹೇಗೋ ಹಲ್ಲು ಕಚ್ಚಿ ಕಾಲ ತಳ್ಳಿದ. ವಸಂತ ಬಂದೊಡನೆ ಭಾರ ತಾನಾಗಿ ಇಳಿಯಿತು; ಇಳಿದದ್ದರಿಂದ ಅದರ ವಿಚಾರ ಮಾಡುವ ಅಗತ್ಯವೂ ಅವನಿಗೆ ತೋರಲಿಲ್ಲ. ಮರುವರ್ಷವೂ ಅದೇ ಕಥೆ. ಮನಸ್ಸನ್ನೇ ಓದುವ ವೃತ್ತಿಯವನಿಗೆ ತನ್ನ ಮನಸ್ಸಿನ ಲೆಕ್ಕ ಹತ್ತಲು ಇಷ್ಟು ಕಾಲ ಹಿಡಿಯಿತೆಂದ ಮೇಲೆ, ಇನ್ನೂ ಮೊದಲ ಚಳಿಗಾಲವನ್ನೇ ಕಾಣುತ್ತಿರುವ ಹುಡುಗಿಗೆ ಅದು ತಿಳಿಯಲಿಲ್ಲವೆಂದರೆ ಆಕ್ಷೇಪಿಸುವವರು ಯಾರು?

1979ರಲ್ಲಿ ರೋಸೆಂತಾಲ್ ವಾಷಿಂಗ್ಟನ್ ಸಮೀಪದ ಬೆಥೆಸ್ಡಾದಲ್ಲಿರುವ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಗೆ ಸೇರಿದ. ಅಲ್ಲಿ ಆಲ್ಫ್ರೆಡ್ ಲೂಯಿ ಎಂಬ ವಿಜ್ಞಾನಿ ಮತ್ತೊಂದು ದಿಕ್ಕಿನಿಂದ ಇದೇ ಬಾಗಿಲಿಗೆ ಬಂದಿದ್ದ. ಮೆದುಳಿನ ನಡುವೆ ಬಟಾಣಿಗಿಂತ ಚಿಕ್ಕದಾದ ಒಂದು ಗ್ರಂಥಿಯಿದೆ. ಕತ್ತಲಾದಾಗ ಅದು ಮೆಲಟೋನಿನ್ ಎಂಬ ರಸವನ್ನು ಸ್ರವಿಸುತ್ತದೆ. ಶರೀರಕ್ಕೆ ಅದು ಇರುಳಾಯಿತೆಂಬ ಡಂಗುರ. ಪ್ರಾಣಿಗಳಲ್ಲಿ ಬೆಳಕು ಈ ಡಂಗುರವನ್ನು ನಿಲ್ಲಿಸುತ್ತದೆಂದು ಮೊದಲೇ ತಿಳಿದಿತ್ತು. ಮನುಷ್ಯನಲ್ಲಿ ಮಾತ್ರ ಮನೆಯ ಸಾಮಾನ್ಯ ದೀಪಗಳಿಂದ ಆ ಪರಿಣಾಮ ಕಂಡಿರಲಿಲ್ಲ. ಮನುಷ್ಯನಲ್ಲೂ ಬೆಳಕು ಅದನ್ನು ನಿಲ್ಲಿಸುತ್ತದೆ, ಆದರೆ ಅದಕ್ಕೆ ತೀಕ್ಷ್ಣವಾದ ಬೆಳಕು ಬೇಕು ಎಂದು ಲೂಯಿ ಮತ್ತು ಸಂಗಡಿಗರು 1980ರಲ್ಲಿ ತೋರಿಸಿಕೊಟ್ಟರು.

ಅದೇ ಕಾಲಕ್ಕೆ ಅರವತ್ತು ದಾಟಿದ ಒಬ್ಬ ಇಂಜಿನಿಯರು ತನ್ನ ಟಿಪ್ಪಣಿ ಪುಸ್ತಕಗಳೊಡನೆ ಆ ಸಂಸ್ಥೆಯನ್ನು ಹುಡುಕಿಕೊಂಡು ಬಂದ. ತನ್ನ ಚೈತನ್ಯ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಆತ ಎಷ್ಟೋ ವರ್ಷಗಳಿಂದ ಬರೆದಿಟ್ಟುಕೊಂಡಿದ್ದ. ಹಗಲು ಕುಗ್ಗಿದಂತೆ ತಾನು ಕುಗ್ಗುತ್ತೇನೆ, ಹಗಲು ಹಿಗ್ಗಿದಂತೆ ಹಿಗ್ಗುತ್ತೇನೆ ಎಂಬುದು ಆತನೇ ಕಂಡುಕೊಂಡ ಸಿದ್ಧಾಂತ. ವೈದ್ಯರು ಆತನನ್ನು ಬೆಳಗಾಗುವ ಮುನ್ನ ಮೂರು ಗಂಟೆ, ಸಂಜೆಯಾದ ಮೇಲೆ ಮೂರು ಗಂಟೆ ಪ್ರಖರವಾದ ದೀಪಗಳ ಮುಂದೆ ಕೂರಿಸಿದರು. ವಾರ ಹತ್ತು ದಿನದೊಳಗೆ ಆತ ಚಳಿಗಾಲದ ನಡುವೆಯೇ ವಸಂತದ ಮನುಷ್ಯನಾದ. 1981ರಲ್ಲಿ ಈ ಸಂಶೋಧನೆಯ ಸುದ್ದಿ ವಾಷಿಂಗ್ಟನ್ನಿನ ಪತ್ರಿಕೆಯಲ್ಲಿ ಬಂದಾಗ, ತಮ್ಮ ಕಥೆಯೂ ಇದೇ ಎಂದು ಬರೆದ ಕಾಗದಗಳು ಸಾವಿರಗಟ್ಟಲೆ ಬಂದವು. 1984ರಲ್ಲಿ ರೋಸೆಂತಾಲ್ ಮತ್ತು ಸಹೋದ್ಯೋಗಿಗಳು 29 ಮಂದಿ ರೋಗಿಗಳ ವಿವರವನ್ನು ಪ್ರಕಟಿಸಿ, ಈ ಸ್ಥಿತಿಗೆ ಒಂದು ಹೆಸರಿಟ್ಟರು. ಆ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಸ್ಯಾಡ್’ ಎಂದಾಗುತ್ತದೆ. ಕನ್ನಡದಲ್ಲಿ ಋತುಮಾನದ ಖಿನ್ನತೆ ಎನ್ನಬಹುದು. ಹೆಸರಿಲ್ಲದ ಸಂಕಟ ಸ್ವಭಾವದ ದೋಷವೆನಿಸಿಕೊಳ್ಳುತ್ತದೆ. ಸೋಮಾರಿ, ಹೊಂದಿಕೊಳ್ಳಲು ಬಾರದವಳು ಎಂಬ ಬಿರುದುಗಳು ಅದರಿಂದ ಹುಟ್ಟುತ್ತವೆ.

ಇದರ ಲಕ್ಷಣಗಳು ನಮ್ಮ ತಾಯಂದಿರನ್ನು ದಾರಿ ತಪ್ಪಿಸುವಂಥವು. ದುಃಖವೆಂದರೆ ಊಟ ಬಿಡುವುದು, ನಿದ್ರೆ ಬಾರದಿರುವುದು, ಸೊರಗುವುದು ಎಂದು ನಮ್ಮ ಎಣಿಕೆ. ಚಳಿಗಾಲದ ಖಿನ್ನತೆಯಲ್ಲಿ ಬಹುಮಟ್ಟಿಗೆ ಇದು ತಿರುಗುಮುರುಗು. ನಿದ್ರೆ ಹೆಚ್ಚುತ್ತದೆ, ಎಷ್ಟು ಮಲಗಿದರೂ ದಣಿವು ಆರುವುದಿಲ್ಲ. ಹಸಿವೂ ಹೆಚ್ಚುತ್ತದೆ, ಅದರಲ್ಲಿಯೂ ಸಿಹಿ, ಬ್ರೆಡ್ಡು, ಅನ್ನ, ಆಲೂಗೆಡ್ಡೆಗಳ ಕಡೆಗೆ ಕೈ ಓಡುತ್ತದೆ. ಮೈ ಬರುತ್ತದೆ. ಜನರ ಸಹವಾಸ ಬೇಡವೆನಿಸುತ್ತದೆ. ಒಂದು ಪಾತ್ರೆ ತೊಳೆಯುವುದೂ ಬೆಟ್ಟ ಹತ್ತಿದಂತಾಗುತ್ತದೆ. ವಿಡಿಯೋದಲ್ಲಿ ಮಗಳ ಗುಂಡಗಾದ ಮುಖವನ್ನು ಕಂಡ ತಾಯಿ, ಸದ್ಯ ಹೊಟ್ಟೆ ತುಂಬ ತಿನ್ನುತ್ತಾಳೆ, ಚೆನ್ನಾಗಿ ಮಲಗುತ್ತಾಳೆ, ಆರೋಗ್ಯಕ್ಕೇನೂ ಕೊರತೆಯಿಲ್ಲ ಎಂದು ನಿಶ್ಚಿಂತಳಾಗುತ್ತಾಳೆ. ನಿಶ್ಚಿಂತಳಾದ ಮೇಲೂ ಧ್ವನಿ ಮಂಕಾಗಿಯೇ ಇದ್ದರೆ ತಪ್ಪು ಅಳಿಯನ ತಲೆಗೆ ಬರುತ್ತದೆ!

ಹಾಗಾದರೆ ಎಲ್ಲವೂ ಬೆಳಕಿನದೇ ದೋಷವೆ? ಹಾಗೆ ಹೇಳಿದರೆ ಅದೂ ಆತುರ. ಋತುವಿಗೂ ಖಿನ್ನತೆಗೂ ಇರುವ ಸಂಬಂಧವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ 34 ಸಾವಿರ ಜನರ ಉತ್ತರಗಳನ್ನು ಜಾಲಾಡಿ, ಚಳಿಗಾಲದಲ್ಲಿ ಖಿನ್ನತೆ ಹೆಚ್ಚಾದುದು ಕಾಣಲಿಲ್ಲವೆಂದಿತು. ಇಡೀ ಜನಸಮೂಹದ ಸರಾಸರಿಯಲ್ಲಿ ಕೆಲವರ ಸಂಕಟ ಮುಳುಗಿಹೋಗುವುದು ಸಾಧ್ಯ ಎಂಬುದು ಮತ್ತೊಂದು ಪಕ್ಷದ ಉತ್ತರ. ಪಂಡಿತರ ವಾದ ಹೇಗೇ ಇರಲಿ, ಹೊಸ ದೇಶಕ್ಕೆ ಬಂದವಳಲ್ಲಿ ತವರಿನ ಹಂಬಲವೂ ಕತ್ತಲೆಯ ಭಾರವೂ ಒಂದೇ ಬಾವಿಯಲ್ಲಿ ಬೆರೆತ ಎರಡು ಸೆಲೆಗಳಂತೆ ಇರುತ್ತವೆ. ಬೇರ್ಪಡಿಸಿ ನೋಡಲು ಒಂದು ಉಪಾಯವಿದೆ, ಆ ಇಂಜಿನಿಯರಿನ ಉಪಾಯ: ಬರೆದಿಡುವುದು. ತವರಿನ ಹಂಬಲಕ್ಕೆ ನೆಪಗಳಿವೆ. ಗೌರಿ ಹಬ್ಬ ಬಂದರೆ ಅದು ಉಕ್ಕುತ್ತದೆ, ಗೆಳತಿಯರು ಸಿಕ್ಕರೆ ಇಳಿಯುತ್ತದೆ. ಅದಕ್ಕೆ ಪಂಚಾಂಗದ ಹಂಗಿಲ್ಲ. ಕತ್ತಲೆಯ ಭಾರ ನವೆಂಬರಿನಲ್ಲಿ ಬಂದು, ಜನವರಿ ಫೆಬ್ರವರಿಗಳಲ್ಲಿ ಬಲಿತು, ಮಾರ್ಚ್ ಏಪ್ರಿಲ್ ಹೊತ್ತಿಗೆ ಯಾರೂ ಸಮಾಧಾನ ಹೇಳದೆಯೇ ಹೊರಟುಹೋಗುತ್ತದೆ. ಮರುವರ್ಷ ಅದೇ ತಿಂಗಳಿಗೆ ಮರಳಿ ಬರುತ್ತದೆ. ಮೊದಲ ಚಳಿಗಾಲದಲ್ಲಿ ಇದನ್ನು ನಿಶ್ಚಯವಾಗಿ ಹೇಳಲಾಗದು. ಆದ್ದರಿಂದಲೇ ಮೊದಲ ಫೆಬ್ರವರಿಯಲ್ಲಿ ದೊಡ್ಡ ತೀರ್ಮಾನಗಳನ್ನು ಮಾಡಬಾರದು. ಓದು ಬಿಟ್ಟು ಬರುವುದು, ಕೆಲಸಕ್ಕೆ ರಾಜೀನಾಮೆ ಕೊಡುವುದು, ಈ ಮದುವೆಯೇ ತಪ್ಪಾಯಿತೆನ್ನುವುದು, ಇವನ್ನೆಲ್ಲ ಹಗಲು ಹನ್ನೆರಡು ಗಂಟೆಯಷ್ಟಾಗುವ ಮಾರ್ಚ್ ಕೊನೆಯವರೆಗಾದರೂ ಮುಂದೂಡಬಹುದು. ಮನೆಯಲ್ಲಿ ಹೊಡೆತ ಬಡಿತಗಳಿದ್ದರೆ ಮಾತು ಬೇರೆ. ಅದಕ್ಕೆ ಋತುವಿನ ನೆಪ ಹೇಳಿ ಕಾಯುವುದು ಸಲ್ಲದು. ಹಾಗೆಯೇ ಬದುಕೇ ಬೇಡವೆಂಬ ಯೋಚನೆ ಒಮ್ಮೆ ಸುಳಿದರೂ ವಸಂತಕ್ಕೆ ಕಾಯದೆ ಅಂದೇ ಡಾಕ್ಟರನ್ನು ಕಾಣಬೇಕು.

ಬೆಳಕಿನ ಲೆಕ್ಕವನ್ನು ಸ್ವಲ್ಪ ನಿಂತು ನೋಡುವುದು ಉಚಿತ. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ರಾತ್ರಿ ದೀಪ ಹಚ್ಚಿದ ನಡುಮನೆಯಲ್ಲಿ ನೂರಿನಿಂದ ಮುನ್ನೂರು ಲಕ್ಸ್. ಚೆನ್ನಾಗಿ ಬೆಳಗಿದ ಕಚೇರಿಯಲ್ಲಿ ಐನೂರು. ಬೆಂಗಳೂರಿನ ನಡುಹಗಲಿನ ಬಿಸಿಲಿನಲ್ಲಿ ಅದು ಒಂದು ಲಕ್ಷದ ಸಮೀಪ. ಮನುಷ್ಯನ ಕಣ್ಣು ಬಹು ಬೇಗ ಹೊಂದಿಕೊಳ್ಳುವುದರಿಂದ ಈ ಅಗಾಧ ಅಂತರ ಅದಕ್ಕೆ ತಿಳಿಯುವುದಿಲ್ಲ; ಮನೆಯೊಳಗೆ ಬೇಕಾದಷ್ಟು ಬೆಳಕಿದೆಯೆಂದು ಅದು ಸಾಕ್ಷಿ ಹೇಳುತ್ತದೆ. ಆದರೆ ಕಣ್ಣಿನ ಒಳಪದರದಲ್ಲಿ ರೂಪವನ್ನು ನೋಡುವ ಕೆಲಸಕ್ಕಲ್ಲದೆ, ಬೆಳಕೆಷ್ಟಿದೆ ಎಂದು ಅಳೆದು ಮೆದುಳಿನ ಗಡಿಯಾರಕ್ಕೆ ವರದಿ ಒಪ್ಪಿಸುವುದಕ್ಕೆಂದೇ ಕೆಲವು ಕೋಶಗಳಿವೆ. 1990ರ ದಶಕದ ಕೊನೆಯಿಂದ 2002ರವರೆಗೆ ನಡೆದ ಸಂಶೋಧನೆಗಳಿಂದ ಇವುಗಳ ಇರವು ಖಚಿತವಾಯಿತು. ಈ ಶಾನುಭೋಗರು ಲಂಚಕ್ಕೆ ಬಗ್ಗುವವರಲ್ಲ. ನಡುಮನೆಯ ದೀಪವನ್ನು ಅವರು ಹಗಲೆಂದು ಬರೆದುಕೊಳ್ಳುವುದಿಲ್ಲ. ಮೋಡ ಮುಚ್ಚಿದ ಚಳಿಗಾಲದ ಮಧ್ಯಾಹ್ನ ಹೊರಗೆ ಬಯಲಿನಲ್ಲಿ ಸಾವಿರ, ಎರಡು ಸಾವಿರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಲಕ್ಸ್ ಇರುತ್ತದೆ, ಅದನ್ನು ಬರೆದುಕೊಳ್ಳುತ್ತಾರೆ.

ಇಲ್ಲಿಯೇ ನಮ್ಮವರಿಗೆ ತೊಡಕು. ಬಿಸಿಲಿನ ನಾಡಿನಲ್ಲಿ ಹುಟ್ಟಿದವರಿಗೆ ನೆರಳೇ ಸುಖ. ‘ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀಯೆ’ ಎಂದು ಹೇಳಿಸಿಕೊಂಡು ಬೆಳೆಯದ ಹೆಣ್ಣು ಮಗು ನಮ್ಮಲ್ಲಿ ಅಪೂರ್ವ. ಮಧ್ಯಾಹ್ನವಾದರೆ ಕಿಟಕಿಗೆ ಪರದೆ ಎಳೆಯುವುದು ಕೈಗೆ ಅಂಟಿದ ಅಭ್ಯಾಸ. ಸೂರ್ಯನೆಂದರೆ ಬೆಳಿಗ್ಗೆ ಒಂದು ನಮಸ್ಕಾರ ಹಾಕಿ ಆಮೇಲೆ ತಪ್ಪಿಸಿಕೊಂಡು ತಿರುಗಬೇಕಾದ ಹಿರಿಯ. ಇದೇ ಅಭ್ಯಾಸವನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು 56 ಡಿಗ್ರಿಯ ಊರಿಗೆ ಹೋದವಳು, ಚಳಿಯೆಂದು ಪರದೆ ಎಳೆದು, ಹೀಟರಿನ ಮಗ್ಗುಲಲ್ಲಿ ದೀಪ ಹಚ್ಚಿಕೊಂಡು ಕುಳಿತರೆ, ಇದ್ದ ಏಳು ಗಂಟೆಯ ಹಗಲೂ ಅವಳ ಪಾಲಿಗೆ ಇಲ್ಲವಾಗುತ್ತದೆ. ಅಲ್ಲಿ ಮಾಡಬೇಕಾದದ್ದು ಇದಕ್ಕೆ ನೇರ ವಿರುದ್ಧ. ಎದ್ದೊಡನೆ ಪರದೆ ಸರಿಸಬೇಕು. ಮೇಜು ಕುರ್ಚಿಗಳನ್ನು ಕಿಟಕಿಯ ಬಳಿಗೆ ಎಳೆಯಬೇಕು. ಬೆಳಗಾದ ಒಂದೆರಡು ಗಂಟೆಯೊಳಗೆ, ಮೋಡವಿರಲಿ ತುಂತುರಿರಲಿ, ಅರ್ಧ ಗಂಟೆಯಾದರೂ ಹೊರಗೆ ನಡೆಯಬೇಕು. ಕಚೇರಿಗೆ ಹೋಗುವವರು ಮಧ್ಯಾಹ್ನದ ಊಟದ ಬಿಡುವನ್ನು ಒಳಗೆ ಕಳೆಯಬಾರದು. ಇದಕ್ಕೆ ಒಳ್ಳೆಯ ಕೋಟು, ನೀರು ನುಗ್ಗದ ಬೂಟ್ಸು, ಕಿವಿ ಮುಚ್ಚುವ ಟೋಪಿ ಬೇಕು. ರೇಷ್ಮೆ ಸೀರೆಗೆ ಹಣ ಕೊಟ್ಟು ಕಳುಹಿಸುವ ತಂದೆತಾಯಿಗಳು ಈ ಬಾಬತ್ತಿಗೆ ಕೊಡುವುದು ಹೆಚ್ಚು ಉಪಯುಕ್ತ.

ಇಷ್ಟರಿಂದ ನೀಗದವರಿಗೆ ದೀಪದ ಪೆಟ್ಟಿಗೆಗಳಿವೆ. ಮೊದಲಿನ ಪ್ರಯೋಗಗಳಲ್ಲಿ 2,500 ಲಕ್ಸ್ ಬೆಳಕಿನ ಮುಂದೆ ಗಂಟೆಗಟ್ಟಲೆ ಕೂರಬೇಕಾಗಿತ್ತು. ಆಮೇಲೆ 10,000 ಲಕ್ಸ್ ದೀಪದ ಮುಂದೆ ದಿನವೂ ಬೆಳಿಗ್ಗೆ ಅರ್ಧ ಗಂಟೆ ಎಂಬ ಕ್ರಮ ಬಳಕೆಗೆ ಬಂತು. ದೀಪವನ್ನೇ ದಿಟ್ಟಿಸುವುದು ಬೇಕಿಲ್ಲ. ಅದು ಎದುರಿನಲ್ಲಿ ಸ್ವಲ್ಪ ಓರೆಯಾಗಿದ್ದು, ಕಣ್ಣು ತೆರೆದುಕೊಂಡು ಕಾಫಿ ಕುಡಿಯುತ್ತ ಪತ್ರಿಕೆ ಓದಿದರೆ ಸಾಕು. ದೀಪದಿಂದ ಎಷ್ಟು ದೂರ ಕುಳಿತರೆ ಅಷ್ಟು ಲಕ್ಸ್ ಮುಟ್ಟುತ್ತದೆಂಬುದನ್ನು ತಯಾರಕರ ಸೂಚನೆಯಲ್ಲಿ ನೋಡಿಕೊಳ್ಳಬೇಕು. ಎರಡು ಮಾರು ದೂರದಲ್ಲಿಟ್ಟರೆ ಅದೂ ನಡುಮನೆಯ ದೀಪವೇ. ಸಂಜೆ ಹೊತ್ತಿಸಿದರೆ ರಾತ್ರಿಯ ನಿದ್ರೆ ಕೆಡಬಹುದು. ಕಣ್ಣಿನ ರೋಗವುಳ್ಳವರು, ಮನಸ್ಸು ಅತಿಯಾಗಿ ಉಬ್ಬುವ ಕಾಯಿಲೆ ತಮಗೋ ಮನೆತನದಲ್ಲೋ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ವಿಟಮಿನ್ ಡಿ ಮಾತ್ರೆ ನುಂಗಿದರೆ ಸಾಲದೆ ಎಂಬ ಪ್ರಶ್ನೆ ಸಾಮಾನ್ಯವಾಗಿ ಬರುತ್ತದೆ. ಅದು ಬೇರೆ ಖಾತೆ. ವಿಟಮಿನ್ ಡಿ ಚರ್ಮದ ಮೇಲೆ ಬಿಸಿಲು ಬಿದ್ದು ಆಗುವಂಥದು. ಮುಖ್ಯವಾಗಿ ಮೂಳೆಗೆ ಸಂಬಂಧಿಸಿದ್ದು. ಬ್ರಿಟನ್ನಿನ ಚಳಿಗಾಲದ ಬಿಸಿಲಿನಿಂದ ಅದು ಯಾರಿಗೂ ಸಾಕಷ್ಟು ದೊರೆಯುವುದಿಲ್ಲ. ಕಪ್ಪು ಚರ್ಮದವರಿಗೆ ಮತ್ತೂ ಕಡಿಮೆ. 1960, 70ರ ದಶಕಗಳಲ್ಲಿ ಗ್ಲಾಸ್ಗೋ ನಗರದ ಏಷ್ಯಾ ಮೂಲದ ಮಕ್ಕಳಲ್ಲಿ ಕಾಲಿನ ಮೂಳೆ ಬಾಗುವ ರಿಕೆಟ್ಸ್ ರೋಗ ಕಂಡುಬಂದದ್ದು ಈ ಕಾರಣದಿಂದ. ದಿನಕ್ಕೆ 10 ಮೈಕ್ರೊಗ್ರಾಂ ಮಾತ್ರೆಯನ್ನು ಚಳಿಗಾಲದಲ್ಲಿ ಎಲ್ಲರೂ, ಕಪ್ಪು ಚರ್ಮದವರು ವರ್ಷವಿಡೀ, ಸೇವಿಸುವುದು ಲೇಸೆಂದು ಅಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ಮಾತ್ರೆಯನ್ನು ನುಂಗಲಿ, ಆದರೆ ನುಂಗಿದ ಮಾತ್ರೆ ಕಣ್ಣಿಗೆ ಬೆಳಕಾಗುವುದಿಲ್ಲ.

ಬೆಳಕಿನ ಜೊತೆಗೆ ಯೋಚನೆಯ ಚಿಕಿತ್ಸೆಯೂ ಇದೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾನಿಲಯದ ಕೆಲ್ಲಿ ರೋಹನ್ ಎಂಬ ಮನೋವಿಜ್ಞಾನಿ 177 ಮಂದಿಯಲ್ಲಿ ಅರ್ಧದಷ್ಟು ಜನರನ್ನು ದೀಪದ ಮುಂದೆ ಕೂರಿಸಿ, ಉಳಿದವರಿಗೆ ಚಳಿಗಾಲದ ಬಗ್ಗೆ ತಾವೇ ಹೇಳಿಕೊಳ್ಳುವ ಮಾತುಗಳನ್ನೂ ಚಳಿಗಾಲದ ದಿನಚರಿಯನ್ನೂ ತಿದ್ದಿಕೊಳ್ಳುವ ಅಭ್ಯಾಸವನ್ನು ಆರು ವಾರ ಕಲಿಸಿದಳು. ಆ ಚಳಿಗಾಲದಲ್ಲಿ ಎರಡರಿಂದಲೂ ಸಮಾನವಾದ ಗುಣ ಕಂಡಿತು. ಎರಡು ವರ್ಷದ ಮೇಲೆ ನೋಡಿದಾಗ ದೀಪದವರಲ್ಲಿ ನೂರಕ್ಕೆ 46ರಷ್ಟು ಜನರಿಗೆ ಖಿನ್ನತೆ ಮರಳಿತ್ತು. ಅಭ್ಯಾಸ ಕಲಿತವರಲ್ಲಿ 27 ಮಂದಿಗೆ. ದೀಪವನ್ನು ವರ್ಷ ವರ್ಷವೂ ನೆನಪಿನಿಂದ ಹೊತ್ತಿಸಬೇಕು. ಅದನ್ನು ಎಲ್ಲರೂ ಹೊತ್ತಿಸುವುದಿಲ್ಲ.

ಇನ್ನು ಅಲ್ಲಿಯೇ ಹುಟ್ಟಿದವರ ಮಾತು. ಪಕ್ಕದ ಮನೆಯವಳು ಅದೇ ಕತ್ತಲೆಯಲ್ಲಿ ಸಿಳ್ಳೆ ಹಾಕುತ್ತ ನಾಯಿಯನ್ನು ತಿರುಗಾಡಿಸಿಕೊಂಡು ಬರುವುದನ್ನು ಕಂಡು, ತನಗೆ ಮಾತ್ರ ಏಕೆ ಹೀಗೆ ಎಂದು ನಮ್ಮ ಹುಡುಗಿ ಮತ್ತಷ್ಟು ಕುಗ್ಗುತ್ತಾಳೆ. ಈ ಹೋಲಿಕೆ ನ್ಯಾಯವಾದುದಲ್ಲ. ಐಸ್‌ಲೆಂಡ್ ದ್ವೀಪದ ಜನರಲ್ಲಿ ಚಳಿಗಾಲದ ಖಿನ್ನತೆ ಅಮೆರಿಕದ ಪೂರ್ವ ತೀರದವರಿಗಿಂತ ಕಡಿಮೆಯೆಂದೂ, ಅಲ್ಲಿಂದ ಕೆನಡಾದ ಮ್ಯಾನಿಟೋಬಕ್ಕೆ ವಲಸೆ ಹೋದವರ ಸಂತತಿಯಲ್ಲಿಯೂ ಅದು ಕಡಿಮೆಯೆಂದೂ 1993ರಲ್ಲಿ ಐಸ್‌ಲೆಂಡಿನ ಸಂಶೋಧಕರು ವರದಿ ಮಾಡಿದರು. ತಲೆಮಾರುಗಳಿಂದ ಕತ್ತಲೆಯನ್ನು ಕಂಡವರ ಮೈಯಲ್ಲಿಯೇ ಏನೋ ಒಂದು ತಾಳಿಕೆ ಇರಬಹುದು. ಆದರೆ ಅವರು ಅದನ್ನು ಮೈಗಷ್ಟೇ ಬಿಟ್ಟು ಕುಳಿತಿಲ್ಲವೆಂಬುದಕ್ಕೆ ನಾರ್ವೆಯ ರ್ಯೂಕನ್ ಎಂಬ ಪುಟ್ಟ ಊರಿನ ಕಥೆ ಸಾಕ್ಷಿ.

ರ್ಯೂಕನ್ ಇರುವುದು ಎರಡು ಬೆಟ್ಟಗಳ ನಡುವಣ ಆಳವಾದ ಕಣಿವೆಯಲ್ಲಿ. ಜಲಪಾತದಿಂದ ವಿದ್ಯುತ್ತು ತೆಗೆಯುವುದಕ್ಕಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಊರು. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಸೂರ್ಯನ ಕಿರಣ ನೇರವಾಗಿ ಅಲ್ಲಿ ಬೀಳುವುದೇ ಇಲ್ಲ. ಬೆಟ್ಟದ ಮೇಲೆ ಕನ್ನಡಿ ನಿಲ್ಲಿಸಿ ಬಿಸಿಲನ್ನು ಕೆಳಕ್ಕೆ ಇಳಿಸಬಾರದೇಕೆ ಎಂಬ ಯೋಚನೆ 1913ರಷ್ಟು ಹಿಂದೆಯೇ ಹುಟ್ಟಿತ್ತು. ಆ ಕಾಲಕ್ಕೆ ಅದು ಆಗಲಿಲ್ಲ. ಬಿಸಿಲು ಕೆಳಗೆ ಬಾರದಿದ್ದರೆ ಜನರೇ ಮೇಲೆ ಹೋಗಲಿ ಎಂದು 1928ರಲ್ಲಿ ಬೆಟ್ಟಕ್ಕೆ ತಂತಿಯ ಮೇಲೆ ಓಡುವ ತೊಟ್ಟಿಲುಗಾಡಿಯನ್ನು ಕಟ್ಟಿದರು. ಕನ್ನಡಿಯ ಯೋಚನೆಗೆ ಮತ್ತೆ ಜೀವ ಬಂದದ್ದು 2000ದ ದಶಕದಲ್ಲಿ, ಹೊರಗಿನಿಂದ ಬಂದು ಅಲ್ಲಿ ನೆಲಸಿದ ಮಾರ್ಟಿನ್ ಆಂಡರ್ಸನ್ ಎಂಬ ಕಲಾವಿದನಿಂದ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಿಸಿಲಿಗಾಗಿ ಕಣಿವೆಯುದ್ದಕ್ಕೂ ದಿನದಿನವೂ ಇನ್ನಷ್ಟು ಇನ್ನಷ್ಟು ದೂರ ನಡೆಯಬೇಕಾಗಿ ಬಂದದ್ದು ಅವನನ್ನು ಚುಚ್ಚಿತು. ಊರಿನ ಕೆಲವರು ಹಣ ದಂಡವೆಂದು ಗೊಣಗಿದರು. ಕಡೆಗೆ 2013ರ ಅಕ್ಟೋಬರಿನಲ್ಲಿ, ಊರಿನಿಂದ 450 ಮೀಟರ್ ಮೇಲೆ, ಒಂದೊಂದೂ 17 ಚದರ ಮೀಟರಿನ ಮೂರು ಕನ್ನಡಿಗಳು ಎದ್ದುನಿಂತವು. ಸೂರ್ಯನನ್ನು ಹಿಂಬಾಲಿಸುತ್ತ ತಿರುಗುವ ಅವು ಪೇಟೆಯ ಚೌಕದಲ್ಲಿ ಸುಮಾರು 600 ಚದರ ಮೀಟರಿನಷ್ಟು ಬಿಸಿಲನ್ನು ಹಾಸುತ್ತವೆ. ಜನ ಬಂದು ಬೆಂಚಿನ ಮೇಲೆ ಕುಳಿತು ಮುಖವೊಡ್ಡುತ್ತಾರೆ. ಒಂದು ನೂರು ವರ್ಷ ಕತ್ತಲೆಗೆ ಒಗ್ಗಿಹೋಗಿದ್ದ ಊರಿಗೆ, ಒಗ್ಗದ ಒಬ್ಬ ಹೊಸಬ ಬೇಕಾಯಿತು.

ಇನ್ನೂ ಉತ್ತರಕ್ಕೆ, 69 ಡಿಗ್ರಿ ದಾಟಿದ ಟ್ರೊಮ್ಸೊ ನಗರದಲ್ಲಿ ನವೆಂಬರ್ ಕೊನೆಯ ವಾರದಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಆದರೂ ಆ ಜನ ಕತ್ತಲೆಯಲ್ಲಿಯೇ ಹಿಮದ ಮೇಲೆ ಜಾರುತ್ತಾರೆ, ಮನೆಗಳ ಕಿಟಕಿಗಳಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ, ನೆರೆಹೊರೆಯವರನ್ನು ಕರೆದು ಕೂರಿಸುತ್ತಾರೆ. ಜನವರಿಯ ಉತ್ತರಾರ್ಧದಲ್ಲಿ ಸೂರ್ಯ ಮತ್ತೆ ತಲೆ ತೋರಿಸಿದ ದಿನ ಮಕ್ಕಳಿಗೆಲ್ಲ ಸಿಹಿ ಬನ್ನು ಹಂಚುತ್ತಾರೆ. ನಮ್ಮ ಎಳ್ಳುಬೆಲ್ಲಕ್ಕೂ ಇದಕ್ಕೂ ದಿನಗಳ ಅಂತರ ಒಂದು ವಾರ! ಉತ್ತರಾಯಣವೆಂಬ ಮಾತಿನ ಅರ್ಥ ಬೆಂಗಳೂರಿನಲ್ಲಿ ಪಂಚಾಂಗದ ಪುಟದಲ್ಲಿದೆ. ಎಡಿನ್‌ಬರೋದಲ್ಲಿ ಸಂಕ್ರಾಂತಿಯ ಹೊತ್ತಿಗೆ ಹಗಲು ಅರ್ಧ ಗಂಟೆಗೂ ಹೆಚ್ಚು ಬೆಳೆದಿರುತ್ತದೆ, ಕಿಟಕಿಯಲ್ಲಿಯೇ ಕಾಣಿಸುತ್ತದೆ. ಎಳ್ಳು ಬೀರುವ ನೆಪದಲ್ಲಿ ಹುಡುಗಿ ನಾಲ್ಕು ಮನೆಯ ಬಾಗಿಲು ತಟ್ಟಿದರೆ ಅದಕ್ಕಿಂತ ಒಳ್ಳೆಯ ಔಷಧಿ ಅಪರೂಪ.

ಇತ್ತ ಮಲ್ಲೇಶ್ವರದವರು ಮಾಡಬಹುದಾದದ್ದೂ ಇದೆ. ಮಕ್ಕಳನ್ನು ನೋಡಲು ಹೊರಡುವ ತಂದೆತಾಯಿಗಳು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಮೇ, ಜೂನ್, ಜುಲೈ ತಿಂಗಳುಗಳನ್ನು. ರಾತ್ರಿ ಹತ್ತರವರೆಗೆ ಬೆಳಕು, ಎಲ್ಲೆಲ್ಲೂ ಹೂವು, ಮಗಳ ಮುಖದಲ್ಲಿ ನಗು. ಎಲ್ಲವೂ ಚೆನ್ನಾಗಿದೆಯೆಂದು ನೋಡಿ ಮರಳುತ್ತಾರೆ. ಚಳಿಗೆ ಹೆದರದ ಆರೋಗ್ಯವಿದ್ದರೆ ಒಮ್ಮೆ ಜನವರಿಯಲ್ಲಿ ಹೋಗಿಬರುವುದು ಮೇಲು. ಅದು ಆಗದಿದ್ದರೆ ಫೋನಿನ ಹೊತ್ತನ್ನಾದರೂ ಬದಲಿಸಬಹುದು. ರಾತ್ರಿ ಒಂಬತ್ತೂವರೆಗೆ ಕರೆದರೆ ಸಿಗುವುದು ಕತ್ತಲೆಯಲ್ಲಿ ಕುಳಿತ ಮಗಳು. ಮಧ್ಯಾಹ್ನ ಎರಡೂವರೆ ಎಂದರೆ ಅಲ್ಲಿ ಬೆಳಗಿನ ಒಂಬತ್ತು; ಸೂರ್ಯ ಆಗತಾನೆ ಬಂದಿರುತ್ತಾನೆ.

ಊಟದ ನಂತರ ಮಲಗುವ ಅರ್ಧ ಗಂಟೆಯನ್ನು ಬಿಟ್ಟುಕೊಟ್ಟ ತಾಯಿ ಈಗ ಆ ಹೊತ್ತಿಗೆ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಮನೆಯೊಳಗಿದ್ದರೆ ಮಾತಿಲ್ಲ, ಹೊರಗೆ ಬಂದು ನಡೆಯುತ್ತಿದ್ದರೆ ಮಾತ್ರ ಮಾತು ಎಂಬುದು ತಾಯಿಮಗಳ ನಡುವಿನ ಕರಾರು.

“ಬೆಳಕಿದೆಯೇನೇ ಈಗ?”

“ಇದೆಯಮ್ಮ. ಬಿಸಿಲಿಲ್ಲ, ಮೋಡದ ಬೆಳಕು.”

“ಅದೇ ಸಾಕು, ನಡಿ. ಕಿವಿ ಮುಚ್ಕೊಂಡಿದ್ದೀಯಾ ತಾನೆ?”